ಡೆಬಿಯನ್ 11ರಿಂದ 12ಕ್ಕೆ ಹೋದ ಮೇಲೆ ಎಮರ್ಜೆನ್ಸಿ ಮೋಡ್, ಬೂಟ್ ಆಗುತ್ತಿಲ್ಲ

ಮಲೆನಾಡಿಗ:
ನಮ್ಮೂರ ಲೈಬ್ರರಿ ಸರ್ವರ್ ಡೆಬಿಯನ್ (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) 11ರಲ್ಲಿತ್ತು, ನಿನ್ನೆ 12ಕ್ಕೆ ಅಪ್‌ಗ್ರೇಡ್ ಮಾಡಿದೆ. ಅಪ್‌ಗ್ರೇಡ್ ತಕರಾರಿಲ್ಲದೆ ಮುಗಿಯಿತು. ರೀಬೂಟ್ ಮಾಡಿದರೆ 'ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್' ಅಂತ ಒಂದೂವರೆ ನಿಮಿಷ ಎಣಿಸುತ್ತದೆ, ಆಮೇಲೆ ಎಮರ್ಜೆನ್ಸಿ ಮೋಡ್‌ಗೆ (ರಿಪೇರಿಗೆ ಮಾತ್ರ ಇರುವ ಮೋಡ್) ಬಿದ್ದು ರೂಟ್ (ಅಡ್ಮಿನ್) ಪಾಸ್‌ವರ್ಡ್ ಕೇಳುತ್ತದೆ. ಗ್ರಬ್ ಅನ್ನುವ ಬೂಟ್ ಮೆನುವಿನಲ್ಲಿ ಹಳೇ ಕರ್ನಲ್ (ಸಿಸ್ಟಮ್‌ನ ತಿರುಳು) ಆರಿಸಿದರೂ ಅದೇ ಕಥೆ. ಸೋಮವಾರ ಮಕ್ಕಳು ಪುಸ್ತಕಕ್ಕೆ ಬರುತ್ತಾರೆ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕಾ?

ಬಯಲುಸೀಮೆ:
ಖಂಡಿತ ಬೇಡ. ಹಳೇ ಕರ್ನಲ್‌ನಲ್ಲೂ ನಿಲ್ಲುತ್ತದೆ ಅಂದರೆ ತೊಂದರೆ ಬೇರೆ ಕಡೆ ಇದೆ. ಆ 90 ಸೆಕೆಂಡ್ ಸಿಸ್ಟಮ್‌ಡಿ (ಬೂಟ್ ಆಗುವಾಗ ಎಲ್ಲವನ್ನೂ ಶುರು ಮಾಡುವ ಪ್ರೋಗ್ರಾಂ) ಒಂದು ಡಿಸ್ಕ್‌ಗಾಗಿ ಕಾಯುವ ಹೊತ್ತು. ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಬೂಟ್ ಲಾಗ್ ತೋರಿಸುವ 'ಜರ್ನಲ್‌ಸಿಟಿಎಲ್ -ಎಕ್ಸ್‌ಬಿ' ಹಾಕಿ, 'ಟೈಮ್ಡ್ ಔಟ್ ವೇಯ್ಟಿಂಗ್ ಫಾರ್ ಡಿವೈಸ್' ಅನ್ನುವ ಸಾಲು ಹುಡುಕಿ. ಎಲ್ಲರೂ ಮೊದಲು ಫೇಲ್ ಆದದ್ದರ ಪಟ್ಟಿ ಕೊಡುವ 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ನೋಡು ಅನ್ನುತ್ತಾರೆ, ಆದರೆ ಡಿಸ್ಕ್ ಸಿಗದೆ ನಿಂತ ಮೌಂಟ್ (ಡಿಸ್ಕ್ ಜೋಡಿಸುವ ಕೆಲಸ) ಅದರಲ್ಲಿ ಕಾಣದೇ ಹೋಗಬಹುದು. ಸಾಲು ಸಿಕ್ಕ ಮೇಲೆ ಬೂಟ್‌ನಲ್ಲಿ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ ಇರುವ /ಇಟಿಸಿ/ಎಫ್‌ಎಸ್‌ಟ್ಯಾಬ್‌ನಲ್ಲಿರುವ ಯುಯುಐಡಿಗಳನ್ನು (ಡಿಸ್ಕ್‌ನ ಗುರುತಿನ ಸಂಖ್ಯೆ) 'ಬಿಎಲ್‌ಕೆಐಡಿ' ಕಮಾಂಡ್ ತೋರಿಸುವುದರ ಜೊತೆ ಒಂದೊಂದಾಗಿ ಹೋಲಿಸಿ. ಮುಂಚೆ ಯಾವಾಗಲಾದರೂ ಡಿಸ್ಕ್ ಬದಲಾಗಿತ್ತಾ? ಸರ್ವರ್ ತಿಂಗಳುಗಟ್ಟಲೆ ಆಫ್ ಆಗದೆ ಓಡುತ್ತಿರುತ್ತದೆ ಅಲ್ವಾ, ತಪ್ಪು ಸಾಲು ಸುಮ್ನೆ ಕೂತಿರುತ್ತದೆ, ಅಪ್‌ಗ್ರೇಡ್ ಆದ ಮೇಲಿನ ರೀಬೂಟ್‌ನಲ್ಲೇ ಹೊರಗೆ ಬರುತ್ತದೆ. ತಿದ್ದಿದ ಫೈಲ್ ಸೇವ್ ಆಗದಿದ್ದರೆ, ಡಿಸ್ಕ್‌ಗೆ ಬರೆಯಲು ಬಿಡುವ 'ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯೂ /' ಕೊಡಿ.

ಮಲೆನಾಡಿಗ:
ಸಿಕ್ಕಿತು ಸರ್! ಬ್ಯಾಕಪ್ ಡಿಸ್ಕ್ ಕೆಟ್ಟಾಗ ಹೊಸದು ಹಾಕಿದ್ದರು, ಫೈಲ್‌ನಲ್ಲಿ ಹಳೇದರ ಯುಯುಐಡಿಯೇ ಇತ್ತು. ತಿದ್ದಿದೆ, ಬೂಟ್ ಆಯಿತು. ಈಗ ವೆಬ್ ಸರ್ವರ್ ಅಪಾಚೆ ಏಳುತ್ತಿಲ್ಲ. 'ಲಿಬ್‌ಪಿಎಚ್‌ಪಿ7.4.ಎಸ್‌ಓ' ಲೋಡ್ ಮಾಡಲು ಆಗಲಿಲ್ಲ, ಅಂಥ ಫೈಲೇ ಇಲ್ಲ ಅನ್ನುತ್ತದೆ.

ಬಯಲುಸೀಮೆ:
ಎಫ್‌ಎಸ್‌ಟ್ಯಾಬ್‌ನ ಆ ಬ್ಯಾಕಪ್ ಡಿಸ್ಕ್ ಸಾಲಿಗೆ 'ನೋಫೇಲ್' ಅಂತಲೂ ಸೇರಿಸಿ, ಬ್ಯಾಕಪ್ ಡಿಸ್ಕ್ ಇಲ್ಲದಿದ್ದರೆ ಇಡೀ ಮೆಷಿನ್ ಯಾಕೆ ನಿಲ್ಲಬೇಕು?

ಕರಾವಳಿ ಹುಡುಗಿ:
ಅಪಾಚೆ ಸಮಸ್ಯೆಗೆ: ಡೆಬಿಯನ್ 11ರಲ್ಲಿ ಪಿಎಚ್‌ಪಿ (ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆ) 7.4, 12ರಲ್ಲಿ 8.2. ಹಳೇ ಪ್ಯಾಕೇಜ್ ಹೋಗಿದೆ, ಅಪಾಚೆ ಇನ್ನೂ ಅದನ್ನೇ ಹುಡುಕುತ್ತಿದೆ. ಹಳೇದನ್ನು ಆಫ್ ಮಾಡಲು 'ಎ2ಡಿಸ್‌ಮಾಡ್ ಪಿಎಚ್‌ಪಿ7.4' ಕೊಡಿ, 'ಲಿಬ್‌ಅಪಾಚೆ2-ಮಾಡ್-ಪಿಎಚ್‌ಪಿ8.2' ಇನ್‌ಸ್ಟಾಲ್ ಮಾಡಿ, ಆಮೇಲೆ ಹೊಸದನ್ನು ಆನ್ ಮಾಡಲು 'ಎ2ಎನ್‌ಮಾಡ್ ಪಿಎಚ್‌ಪಿ8.2'. 'ಅಪಾಚೆ2ಸಿಟಿಎಲ್ ಕಾನ್ಫಿಗ್‌ಟೆಸ್ಟ್' ಓಕೆ ಅಂದ ಮೇಲೇ ರೀಸ್ಟಾರ್ಟ್ ಮಾಡಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಆಗಿದ್ದರೆ ದಯವಿಟ್ಟು ಡೆಬಿಯನ್ 11ರ ಜೊತೆ ಬಂದ ಪೋಸ್ಟ್‌ಗ್ರೆಸ್ 13ರ ಪ್ಯಾಕೇಜ್ ಈಗಲೇ ತೆಗೆಯಬೇಡಿ. ಡೇಟಾ ತಾನಾಗೇ ಡೆಬಿಯನ್ 12ರ ಪೋಸ್ಟ್‌ಗ್ರೆಸ್ 15ಕ್ಕೆ ಹೋಗುವುದಿಲ್ಲ, 'ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್' ಓಡಿಸಬೇಕು. ಅದಕ್ಕೂ ಮುಂಚೆ ಒಂದು ಡಂಪ್ (ಡೇಟಾಬೇಸ್‌ನ ಪೂರ್ತಿ ಪ್ರತಿ) ತೆಗೆದು ಆ ಹೊಸ ಡಿಸ್ಕ್‌ಗೆ ಹಾಕಿಡಿ.