'ಬಿಲೀವ್ ಯು', 'ಬಿಲೀವ್ ಇನ್ ಯು': ಎರಡೂ ಒಂದೇನಾ?

ಪ್ರಶ್ನೆ: ನಮಸ್ತೆ ಮೇಡಂ. ಗೆಳತಿ ತನಗೆ ಕೆಲಸ ಸಿಕ್ಕಿತು ಅಂತ ಮೆಸೇಜ್ ಹಾಕಿದ್ದಳು. 'ನಂಬೋಕೇ ಆಗ್ತಿಲ್ಲ!' ಅನ್ನೋ ಖುಷಿಯಲ್ಲಿ ನಾನು 'ಐ ಡೋಂಟ್ ಬಿಲೀವ್ ಇನ್ ಯು' ಅಂತ ಬರೆದೆ. ಎರಡು ದಿನದಿಂದ ಮಾತಿಲ್ಲ. 'ಬಿಲೀವ್' ಅಂದರೆ ನಂಬು ಅಂತ ತಾನೆ? ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಅವರಿಗೆ ಫೋನ್ ಮಾಡಿ ವಿಷಯ ಹೇಳಿಬಿಡಿ, ವ್ಯಾಕರಣ ಆಮೇಲೆ ನೋಡೋಣ. ನೀವು ಬರೆದದ್ದಕ್ಕೆ 'ನಿನ್ನ ಕೈಲಾಗುತ್ತೆ ಅನ್ನೋ ಭರವಸೆ ನನಗಿಲ್ಲ' ಅಂತ ಅರ್ಥ ಬರುತ್ತೆ. ಕೆಲಸ ಸಿಕ್ಕ ದಿನವೇ ಅದನ್ನು ಓದಿದರೆ ಯಾರಿಗಾದರೂ ನೋವಾಗುತ್ತೆ.

'ಇನ್' ತೆಗೆದು 'ಐ ಡೋಂಟ್ ಬಿಲೀವ್ ಯು' ಅಂದಿದ್ದರೂ ಸರಿಹೋಗುತ್ತಿರಲಿಲ್ಲ. ಸಲಿಗೆಯಲ್ಲಿ ನಗುತ್ತಾ ಹೇಳಿದರೆ ನಡೆದೀತು, ಬರಹದಲ್ಲಿ ಮಾತ್ರ 'ನೀನು ಹೇಳ್ತಿರೋದು ಸುಳ್ಳು' ಅಂದಂತೆ ಕೇಳಿಸುತ್ತೆ. ನಿಮಗೆ ಬೇಕಿದ್ದದ್ದು 'ಐ ಕಾಂಟ್ ಬಿಲೀವ್ ಇಟ್'. ಇಲ್ಲಿ ನಂಬಲಾಗದ್ದು ಸುದ್ದಿ, ಗೆಳತಿ ಅಲ್ಲ.

ಈ ಗೊಂದಲ ನಮ್ಮಲ್ಲಿ ತುಂಬಾ ಜನಕ್ಕಿದೆ, ಅದಕ್ಕೆ ಕಾರಣವೂ ಇದೆ. 'ಅವಳ ಮಾತನ್ನು ನಂಬಿದೆ', 'ದೇವರನ್ನು ನಂಬಿದೆ': ಎರಡರಲ್ಲೂ ನಮಗೆ 'ಅನ್ನು' ಪ್ರತ್ಯಯವೇ ಸಾಕು. ಇಂಗ್ಲಿಷ್ ಇವೆರಡನ್ನೂ ಬೇರೆ ಮಾಡುತ್ತೆ. ಆದರೆ ಕ್ರಿಯಾಪದ ಬಿಟ್ಟು 'ನಂಬಿಕೆ' ಅನ್ನೋ ನಾಮಪದ ಹಿಡಿದರೆ ನಮ್ಮ ಭಾಷೆಯೇ ದಾರಿ ತೋರಿಸುತ್ತೆ. 'ದೇವರಲ್ಲಿ ನಂಬಿಕೆ ಇದೆ', 'ನಿನ್ನ ಮೇಲೆ ನಂಬಿಕೆ ಇದೆ' ಅಂತ ಹೇಳಬಹುದಾದ ಕಡೆ ಸಾಮಾನ್ಯವಾಗಿ 'ಇನ್' ಬೇಕು. 'ಅವಳು ಹೇಳಿದ್ದು ನಿಜ ಅಂತ ಒಪ್ಪಿದೆ' ಅನ್ನೋದಷ್ಟೇ ಆದರೆ 'ಇನ್' ಬೇಡ. ದೆವ್ವ ಇದೆ ಅಂತ ನಂಬುವವರು 'ಬಿಲೀವ್ ಇನ್ ಘೋಸ್ಟ್ಸ್'. ಯಾರೋ ದೆವ್ವ ನೋಡಿದೆ ಅಂದಾಗ ಆ ಮಾತನ್ನು ಒಪ್ಪಿದರೆ 'ಐ ಬಿಲೀವ್ ಹಿಮ್'.

ನನಗೆ ಇಷ್ಟವಾದ ಸಂಗತಿ ಇನ್ನೊಂದಿದೆ. ಮೂಲ ಹುಡುಕಿಕೊಂಡು ಹೋದರೆ 'ಬಿಲೀವ್', 'ಲವ್' ಎರಡೂ ಒಂದೇ ಬೇರಿನ ಪದಗಳು. 'ಐ ಬಿಲೀವ್ ಇನ್ ಯು' ಅಂದಾಗ ಆ ಅಕ್ಕರೆ ಇವತ್ತಿಗೂ ಕಾಣುತ್ತೆ. ಪರೀಕ್ಷೆಗೆ ಹೊರಟ ಮಗುವಿಗೆ ಹೇಳೋ ಮಾತು ಅದು.

ಇನ್ನೊಬ್ಬ ಸದಸ್ಯರು: ಮೇಡಂ, 'ಐ ಆಮ್ ಬಿಲೀವಿಂಗ್ ಯು' ಅನ್ನಬಹುದಾ? 'ನಂಬ್ತಾ ಇದ್ದೀನಿ' ಅಂತೀವಲ್ಲ.

ಉತ್ತರ: ಬೇಡ ಸರ್. ಇಂಗ್ಲಿಷಿನಲ್ಲಿ ನಂಬುವುದು ಮನಸ್ಸಿನ ಸ್ಥಿತಿ, ನಡೆಯುತ್ತಿರುವ ಕೆಲಸ ಅಲ್ಲ. 'ನೋ' (ತಿಳಿದಿರು), 'ಲೈಕ್' ಥರ ಇದಕ್ಕೂ ಸಾಮಾನ್ಯವಾಗಿ 'ಇಂಗ್' ಹತ್ತುವುದಿಲ್ಲ. 'ಐ ಬಿಲೀವ್ ಯು' ಅಂದರೆ ಸಾಕು.

ಹಾಗೇ, 'ಅವನು ಬರಲ್ಲ ಅನ್ಸುತ್ತೆ' ಅನ್ನೋದಕ್ಕೆ 'ಐ ಬಿಲೀವ್ ಹಿ ವೋಂಟ್ ಕಮ್' ತಪ್ಪಲ್ಲ, ಆದರೆ ಇಂಗ್ಲಿಷ್ ಮಾತಾಡುವವರು ಹೆಚ್ಚಾಗಿ 'ಇಲ್ಲ'ವನ್ನು ಮುಂದಕ್ಕೆ ತರುತ್ತಾರೆ: 'ಐ ಡೋಂಟ್ ಬಿಲೀವ್ ಹಿ ವಿಲ್ ಕಮ್'.

ಪ್ರಶ್ನೆ ಕೇಳಿದವರು: ಫೋನ್ ಮಾಡಿದೆ ಮೇಡಂ, ಮಾತಾಡಿದಳು. 'ಬಿಲೀಫ್' ಬಹುವಚನ 'ಬಿಲೀವ್ಸ್' ತಾನೆ, 'ಲೀಫ್'ಗೆ 'ಲೀವ್ಸ್' ಇದ್ದ ಹಾಗೆ?

ಉತ್ತರ: ಸಂತೋಷ ಆಯ್ತಮ್ಮ. ಅಲ್ಲ, 'ಬಿಲೀಫ್ಸ್'. 'ಬಿಲೀವ್ಸ್' ಅಂದರೆ 'ಅವಳು ನಂಬುತ್ತಾಳೆ' ಅನ್ನೋವಾಗ ಬರುವ ಕ್ರಿಯಾಪದ.