ಮಸಾಲೆ ದೋಸೆಯ ಸಾಲ

ನಾನು 41 ಸಲ ಸಾಲ ಮಾಡಿದ್ದೇನೆ ಅಂತ ಮೊನ್ನೆ ಭಾನುವಾರ ಗೊತ್ತಾಯಿತು. ಹೇಳಿದ್ದು ಬ್ಯಾಂಕಿನವರಲ್ಲ, ಬಸ್ಯಾನ ಲ್ಯಾಪ್‌ಟಾಪ್. ಅದೂ ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಸಪ್ತಾಪುರದ ಗಿರ್ಮಿಟ್ ಅಂಗಡಿಯೊಳಗೆ, ಎಲ್ಲರ ಎದುರಿಗೆ.

ಬಸ್ಯಾ ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿಬರುವ ಸಾಫ್ಟ್‌ವೇರ್ ಹುಡುಗ. ಬಸ್ಸಿನಲ್ಲಿ ಕೂತೇ ಒಂದು ಟೂಲ್ ಬರೆದಿದ್ದಾನೆ. ನಮ್ಮ ನೋಟ್ಸ್ ಇರುವ ಫೋಲ್ಡರ್ ತೋರಿಸಿದರೆ ಎಐ ಏಜೆಂಟ್ ಅದರೊಳಗೆ ಹೊಕ್ಕು, ಕೇಳಿದ್ದಕ್ಕೆ ಉತ್ತರ ಹುಡುಕಿ ಹೇಳಬೇಕು. ನಾನೋ ನಾಲ್ಕು ವರ್ಷದಿಂದ ಅಬ್ಸಿಡಿಯನ್ ಆ್ಯಪ್‌ನಲ್ಲಿ ದಿನಚರಿ ಗೀಚುತ್ತಾ ಬಂದವನು. ಅಲ್ಲಿ ಎಲ್ಲವೂ ನಮ್ಮ ಕಂಪ್ಯೂಟರಿನಲ್ಲೇ ಇರುವ ಮಾರ್ಕ್‌ಡೌನ್ ಫೈಲು, ಅಂದರೆ ಬರೀ ಅಕ್ಷರದ ಸಾದಾ ಫೈಲು. ದಿನಕ್ಕೊಂದು, ತಾರೀಖೇ ಅದರ ಹೆಸರು. ಪರೀಕ್ಷೆಗೆ ಕುರಿ ತಾನಾಗೇ ನಡೆದುಬಂದ ಹಾಗಾಯಿತು.

"ಏಜೆಂಟ್ ಅಂದರೆ ಕಮಿಷನ್ ಎಷ್ಟು?" ಮಿರ್ಚಿ ಕರಿಯುತ್ತಿದ್ದ ಕಾಕಾ ಕೇಳಿದರು.

"ಟೋಕನ್ ಲೆಕ್ಕ ಕಾಕಾ, ಮಾತಿನ ಒಂದೊಂದು ಚೂರಿಗೆ ಇಷ್ಟು ಅಂತ. ಓದಿದ್ದಕ್ಕೂ ದುಡ್ಡು, ಬರೆದಿದ್ದಕ್ಕೂ ದುಡ್ಡು. ಕನ್ನಡ ಆದರೆ ಇಂಗ್ಲಿಷಿಗಿಂತ ಜಾಸ್ತಿ ತಿನ್ನುತ್ತದೆ."

"ಹಾಗಾದರೆ ದಲಾಲಿನೇ ಬಿಡು," ಅಂದು ಕಾಕಾ ಬಾಣಲೆ ಕಡೆ ತಿರುಗಿದರು.

ನಾನು ಧೈರ್ಯವಾಗಿ ಟೈಪ್ ಮಾಡಿದೆ: ನನ್ನ ಸಾಲದ ವ್ಯವಹಾರ ಎಲ್ಲಾ ಹೇಳು. ಉತ್ತರ ಬಂತು. "41 ದಿನ ಸಾಲದ ವ್ಯವಹಾರ ನಡೆದಿದೆ. ಹೆಚ್ಚಿನವು ಭಾನುವಾರ. ವಾರದ ಕೊನೆಗೆ ನಿಮ್ಮ ಖರ್ಚು ಹಿಡಿತ ತಪ್ಪುತ್ತಿರುವಂತೆ ಕಾಣುತ್ತದೆ."

ಮಾಸ್ತರು ಕನ್ನಡಕ ಸರಿಸಿ ನನ್ನನ್ನೇ ನೋಡಿದರು. ಕನ್ನಡ ಸಾಲಿ ಮಾಸ್ತರಾಗಿ ನಿವೃತ್ತರಾದವರು. ತಪ್ಪು ಮಾಡದವನೂ ಆ ನೋಟಕ್ಕೆ ಅಂಗೈ ಚಾಚುತ್ತಾನೆ.

ಒಂದೊಂದೇ ದಿನ ತೆಗೆದು ನೋಡಿದೆವು. "ಬೆಳಿಗ್ಗೆ ಮಸಾಲೆ ದೋಸೆ, ಎರಡು." ಮುಂದಿನದು, "ಮಗಳ ಸಾಲಿ ಫೀ ತುಂಬಿದೆ." ಇನ್ನೊಂದು, "ರೇಶನ್ ಅಂಗಡಿ ಮುಂದೆ ಉದ್ದ ಸಾಲು." ಆಮೇಲೆ ಮತ್ತೆ ಮಸಾಲೆ ದೋಸೆ. ಭಾನುವಾರದ ರಹಸ್ಯ ಒಡೆಯಿತು.

ಬಸ್ಯಾ ತಲೆ ಕೆರೆದುಕೊಂಡ. ಕಾರಣ ಇಷ್ಟೇ. ಕಂಪ್ಯೂಟರ್ ಅಕ್ಷರ ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ ಗುಣಿತದ ಚಿಹ್ನೆಗೆ ಬೇರೆಯೇ ಜಾಗ. 'ಲೆ' ಅಂದರೆ ಮೊದಲು 'ಲ', ಅದರ ಹಿಂದೆ ಎತ್ವ. ಹಾಗಾಗಿ ಬರೀ ಅಕ್ಷರ ಹಿಡಿದು 'ಸಾಲ' ಅಂತ ಹುಡುಕಿದರೆ ಮಸಾಲೆಯ ಹೊಟ್ಟೆಯಲ್ಲೂ ಸಾಲ ಸಿಗುತ್ತದೆ, ಸಾಲಿಯಲ್ಲೂ ಸಿಗುತ್ತದೆ.

"ಅಲ್ಲಪಾ, ಏಜೆಂಟ್ ಭಾಳ ಶಾಣ್ಯಾ ಅಂತಿದ್ದೆ. ದೋಸೆ ಕಂಡರೆ ತಿಳಿಯೋದಿಲ್ಲವಾ ಅದಕ್ಕೆ?" ಮಾಸ್ತರು ಕೇಳಿದರು.

"ದೋಸೆ ಅದಕ್ಕೆ ಕಂಡೇ ಇಲ್ಲ ಸರ್. ನನ್ನ ಟೂಲ್ ಹುಡುಕಿದಾಗ ಬರೀ ತಾರೀಖಿನ ಪಟ್ಟಿ ಕೊಡುತ್ತದೆ, ನೋಟ್ ಅದೇ ತೆಗೆದು ಓದಬೇಕು."

"ಹಾಗಂತ ಅದಕ್ಕೆ ಹೇಳಿದ್ದೀಯಾ?"

ಬಸ್ಯಾ ಚಹಾ ಕುಡಿಯತೊಡಗಿದ. ಕಪ್ಪು ಆಗಲೇ ಖಾಲಿ ಇತ್ತು.

ಇಂಥ ಟೂಲುಗಳನ್ನು ಏಜೆಂಟಿನ ಕೈಗೆ ಕೊಡಲು ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್) ಅಂತ ಒಂದು ಪದ್ಧತಿ ಇದೆ. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಅನ್ನುವ ಎಐ ಕಂಪನಿ ಹೊರಗೆ ಬಿಟ್ಟಿದ್ದು. ಅದರಲ್ಲಿ ಪ್ರತಿ ಟೂಲಿಗೂ ಒಂದು ಹೆಸರು, ಒಂದು ವಿವರಣೆ, ಏನೇನು ತುಂಬಬೇಕು ಅನ್ನುವ ನಮೂನೆ ಇರುತ್ತದೆ. ಏಜೆಂಟಿಗೆ ಕಾಣುವುದು ಇವೇ, ಒಳಗಿನ ಕೋಡ್ ಅಲ್ಲ. ಡಾಕ್ಯುಮೆಂಟೇಶನ್ ಯಾರು ಓದುತ್ತಾರೆ ಅಂತ ಬಸ್ಯಾ ಇಷ್ಟು ವರ್ಷ ಆರಾಮ ಇದ್ದ. ಈಗ ಓದುವವನು ಸಿಕ್ಕಿದ್ದಾನೆ, ಅದೂ ಓದಿದ್ದನ್ನೆಲ್ಲಾ ನಂಬುವವನು. ಅವನಿಗಾಗಿ ಇವನು ಬರೆದಿದ್ದು ಒಂದೇ ಸಾಲು: ಕೇಳಿದ ವಿಷಯದ ನೋಟ್ಸ್ ಹುಡುಕಿ ಕೊಡುತ್ತದೆ.

ಮಾಸ್ತರು ಕಿಸೆಯಿಂದ ಕೆಂಪು ಪೆನ್ ತೆಗೆದರು. ಪರದೆ ಮೇಲೆ ಗೀಚುತ್ತಾರೇನೋ ಅಂತ ಬಸ್ಯಾ ಲ್ಯಾಪ್‌ಟಾಪ್ ಹಿಂದೆ ಎಳೆದುಕೊಂಡ. ಅವರು ಮಿರ್ಚಿ ಕಟ್ಟಿದ ಪೇಪರ್ ಬಿಡಿಸಿದರು.

"ವಿಷಯ ಅಂದರೆ ಏನು ತಮ್ಮಾ? ಅಕ್ಷರ ಹಿಡಿದು ಹುಡುಕುತ್ತದೋ, ಅರ್ಥ ಹಿಡಿದೋ? ಎಷ್ಟು ಸಿಕ್ಕರೆ ನಿಲ್ಲಿಸುತ್ತದೆ?"

50ಕ್ಕೆ ನಿಲ್ಲುತ್ತದಂತೆ. ಅದನ್ನೂ ಬರೆದಿರಲಿಲ್ಲ. ನಾನು ಇನ್ನಷ್ಟು ದೋಸೆ ತಿಂದಿದ್ದರೆ ಲೆಕ್ಕವೇ ತಪ್ಪುತ್ತಿತ್ತು.

"ನೋಟ್ಸ್ ಅಳಿಸುತ್ತದಾ ಇದು?" ನನಗೆ ಹೆದರಿಕೆ ಶುರುವಾಗಿತ್ತು.

"ಓದಲು ಮಾತ್ರ ಅಂತ ಗುರುತು ಹಾಕಿದ್ದೇನೆ ಬಿಡು."

"ಗುರುತು ಹಾಕಿದರೆ ಆಯಿತಾ?"

"ಅದು ಸುಮ್ನೆ ಸೂಚನೆ ಅಷ್ಟೇ. ಕೋಡಿನಲ್ಲಿ ಅಳಿಸೋ ದಾರಿ ಇದ್ದರೆ ಅಳಿಸಬಹುದು."

"'ಇಲ್ಲಿ ಉಗುಳಬಾರದು' ಬೋರ್ಡ್ ಇದ್ದ ಹಾಗೆ," ಅಂದರು ಕಾಕಾ. ಅವರ ಅಂಗಡಿ ಗೋಡೆ ಮೇಲೂ ಅದು ಇದೆ. ಕೆಳಗಿನ ಭಾಗ ಕೆಂಪಾಗಿ ಓದಲು ಬರುವುದಿಲ್ಲ.

ಬಸ್ಯಾನ ಕೋಡಿನಲ್ಲಿ ಅಳಿಸುವ ದಾರಿ ಇತ್ತು. ಆಮೇಲೆ ತೆಗೆಯುತ್ತೇನೆ ಅಂದ.

ಅಷ್ಟರಲ್ಲಿ ಮಾಸ್ತರರ ವಿವರಣೆ ಮುಗಿದಿತ್ತು. ಎಣ್ಣೆ ಕಲೆ ಬಿಟ್ಟ ಜಾಗದಲ್ಲೆಲ್ಲಾ ಕೆಂಪು ಅಕ್ಷರ. "ಬರೆದ ಅಕ್ಷರವನ್ನು ಹಾಗೇ ಹುಡುಕುತ್ತದೆ, ಅರ್ಥ ನೋಡುವುದಿಲ್ಲ. 'ಸಾಲ' ಕೇಳಿದರೆ 'ಮಸಾಲೆ'ಯೂ ಬರುತ್ತದೆ. ತಾರೀಖು ಮಾತ್ರ ಕೊಡುತ್ತದೆ, 50ಕ್ಕೆ ನಿಲ್ಲುತ್ತದೆ. ಎಣಿಸುವ ಮುಂಚೆ ಆ ದಿನದ ನೋಟ್ ತೆಗೆದು ಓದು. ಅದೇ ಅರ್ಥದ ಬೇರೆ ಮಾತು ಹಾಕಿಯೂ ಹುಡುಕು. ಉದಾಹರಣೆಗೆ ಉದ್ರಿ, ಕೈಗಡ."

"ಕೈಗಡ ಯಾಕೆ ಸರ್?"

"ನಮ್ಮ ಕಡೆ ಗೆಳೆಯರ ನಡುವೆ ಸಾಲ ಅಂತ ಯಾರು ಬರೆಯುತ್ತಾರೆ?"

ಬಸ್ಯಾ ಅದನ್ನೇ ಟೈಪ್ ಮಾಡಿ ಮತ್ತೆ ಕೇಳಿದ. ಈ ಸಲ ಏಜೆಂಟ್ ಸ್ವಲ್ಪ ಹೊತ್ತು ತೆಗೆದುಕೊಂಡಿತು. ದೋಸೆ ಎಲ್ಲಾ ಬಿದ್ದುಹೋದವು. ಉಳಿದಿದ್ದು ಎರಡೇ. ಉದ್ರಿ, ಕಾಕಾನ ಅಂಗಡಿ, 60 ರೂಪಾಯಿ. ಕಾಕಾ ತಲೆಯಾಡಿಸಿದರು, ಅವರಿಗೆ ಮೊದಲೇ ನೆನಪಿತ್ತು. ಎರಡನೆಯದು: "ದಸರಾ ಮುಂದೆ ಬಸ್ಯಾನಿಗೆ ಕೈಗಡ 3,000. ಪಗಾರ ಆದ ಕೂಡಲೇ ಕೊಡುತ್ತಾನಂತೆ."

ಯಾವ ದಸರಾ ಅಂತ ತಾರೀಖು ಹೇಳುತ್ತಿತ್ತು. ಎರಡು ದಸರಾ ಹಿಂದಿನದು.

ಬಾಣಲೆಯಲ್ಲಿ ಮಿರ್ಚಿ ಸುಂಯ್ ಅನ್ನುವುದು ಬಿಟ್ಟರೆ ಸದ್ದೇ ಇಲ್ಲ. ಬಸ್ಯಾ ಲ್ಯಾಪ್‌ಟಾಪನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡ. ಬೆರಳು ಕೀಬೋರ್ಡಿನ ಮೇಲಿತ್ತು.

"ತಮ್ಮಾ," ಅಂದರು ಮಾಸ್ತರು, ಪೆನ್ನಿನ ಟೋಪಿ ಹಾಕುತ್ತಾ. "ಆ ಅಳಿಸೋ ಕೋಡ್ ಮೊದಲು ತೆಗಿ. ಈಗಲೇ, ನಮ್ಮ ಎದುರಿಗೆ."