ಬಟ್ಟಲಲ್ಲಿ ಕಾಣದ್ದನ್ನು ಮೊದಲು ಕೇಳಿ: ಪರದೇಶದ ಊಟ, ಪಕ್ಕದಲ್ಲಿ ಮಕ್ಕಳು

ಮಕ್ಕಳನ್ನು ಕರೆದುಕೊಂಡು ಹೊಸ ದೇಶ ನೋಡಲು ಹೊರಟಾಗ ಅಪ್ಪ ಅಮ್ಮಂದಿರ ಹೆದರಿಕೆಯೆಲ್ಲ ಕಣ್ಣಿಗೆ, ಮೂಗಿಗೆ ಬಡಿಯುವುದರ ಮೇಲೇ ಇರುತ್ತದೆ. ಹುರಿದ ಮಿಡತೆ, ಡುರಿಯನ್ ಹಣ್ಣಿನ ವಾಸನೆ, ಕಪ್ಪಗೆ ಹೊಳೆಯುವ ಯಾವುದೋ ಸಾಸ್. ತೊಂದರೆ ಕೊಡುವುದು ಹೆಚ್ಚಾಗಿ ಅದಲ್ಲ, ಸಾಧುವಾಗಿ ಕಾಣುವ ಬಟ್ಟಲು.

ಜಪಾನಿನ ಮಿಸೋ ಸೂಪನ್ನೇ ನೋಡಿ. ಮೇಲೆ ನಾಲ್ಕು ತುಂಡು ತೋಫು, ಒಂದೆಸಳು ಕಡಲಪಾಚಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು. ಇದರಲ್ಲಿ ಮೀನಿದೆ ಎಂದರೆ ನಂಬುವುದು ಕಷ್ಟ. ಅಡುಗೆಮನೆಯಲ್ಲಿ ನಡೆಯುವುದು ಹೀಗೆ: ಕೊಂಬು ಎಂಬ ಒಣ ಪಾಚಿಯನ್ನು ನೀರಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮುಂಚೆ ಎತ್ತುತ್ತಾರೆ. ಆಮೇಲೆ ಕತ್ಸುಒಬುಶಿ ಹಾಕುತ್ತಾರೆ. ಅದು ಬೇಯಿಸಿ, ಹೊಗೆ ಹಾಕಿ, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸಿದ ಬೊನಿಟೊ ಮೀನಿನ ತೆಳು ಹೆರೆತ. ಒಂದೆರಡು ನಿಮಿಷಕ್ಕೆ ಸೋಸಿದರೆ ಮೀನು ಜರಡಿಯಲ್ಲಿ ಉಳಿಯುತ್ತದೆ, ಸಾರ ಪಾತ್ರೆಗಿಳಿಯುತ್ತದೆ. ಇದೇ ದಾಶಿ. ಉದೊನ್ ಮತ್ತು ಸೋಬಾ ಎಂಬ ನೂಡಲ್ಸ್‌ಗಳ ಸಾರು, ಸುರುಳಿ ಸುತ್ತಿದ ಸಿಹಿ ಆಮ್ಲೆಟ್, ಬೇಯಿಸಿದ ಕುಂಬಳಕಾಯಿ, ಕರಿದ ತೋಫುವಿನ ಮೇಲೆ ಸುರಿಯುವ ರಸ, ಎಲ್ಲದರ ತಳಕ್ಕೂ ಸಾಮಾನ್ಯವಾಗಿ ಅದೇ ಇರುತ್ತದೆ. ಮೀನು ಬೇಡದವರಿಗೆ, ಮೀನಿನ ಅಲರ್ಜಿ ಇರುವ ಮಗುವಿಗೆ, ಮೇಲಿನಿಂದ ನೋಡಿ ತೀರ್ಮಾನಿಸಿದರೆ ಪ್ರಯೋಜನವಿಲ್ಲ. ಬೌದ್ಧ ದೇವಾಲಯಗಳ ಶೋಜಿನ್ ರ್ಯೋರಿ ಊಟದಲ್ಲಿ ಮಾತ್ರ ಕೊಂಬು ಮತ್ತು ಒಣ ಶಿಟಾಕೆ ಅಣಬೆಯಿಂದ ತೆಗೆದ ದಾಶಿ ಬಳಸುತ್ತಾರೆ. ದೇವಾಲಯದಲ್ಲಿ ಉಳಿದುಕೊಳ್ಳುವ ಅವಕಾಶ ಇರುವ ಕೋಯಾ ಬೆಟ್ಟ, ಕ್ಯೋಟೊ ಕಡೆ ಇದು ಸಿಗುತ್ತದೆ.

ಹೀಗೆ ಪ್ರತಿ ಅಡುಗೆ ಪದ್ಧತಿಗೂ ಕಾಣದ ಒಂದು ತಳಹದಿ ಇದೆ, ಹೊರಡುವ ಮುಂಚೆ ಅದರ ಹೆಸರು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಥಾಯ್ ಅಡುಗೆಯಲ್ಲಿ ನಾಮ್ ಪ್ಲಾ ಎಂಬ ಮೀನಿನ ಸಾಸ್, ಕಪಿ ಎಂಬ ಸೀಗಡಿ ಪೇಸ್ಟ್. ಹಸಿ ಪಪ್ಪಾಯಿಯ ಸೋಮ್ ತಮ್‌ಗೆ ಒಣ ಸೀಗಡಿಯೂ ಕಡಲೆಕಾಯಿಯೂ ಬೀಳುತ್ತವೆ. ಇಂಡೋನೇಷ್ಯಾದಲ್ಲಿ ಸೀಗಡಿ ಪೇಸ್ಟಿಗೆ ತೆರಾಸಿ, ಮಲೇಷ್ಯಾದಲ್ಲಿ ಬೆಲಾಚನ್. ಕೊರಿಯಾದ ಕಿಮ್ಚಿ ಬರೀ ಎಲೆಕೋಸಿನ ಉಪ್ಪಿನಕಾಯಿಯಂತೆ ಕಂಡರೂ ಹುದುಗು ಬರಿಸಲು ಉಪ್ಪು ಹಾಕಿದ ಸೀಗಡಿ ಅಥವಾ ಮೀನಿನ ಸಾಸ್ ಸೇರಿಸುವುದು ವಾಡಿಕೆ. ಮೆಕ್ಸಿಕೊದಲ್ಲಿ ಅರೆದು ಹುರಿದ ಬೀನ್ಸ್‌ಗೆ ಹಂದಿಯ ಕೊಬ್ಬು, ಅನ್ನಕ್ಕೆ ಕೋಳಿಯ ಸಾರು ಹಾಕುವುದುಂಟು. ಫ್ರಾನ್ಸಿನ ಈರುಳ್ಳಿ ಸೂಪ್ ಸಾಂಪ್ರದಾಯಿಕವಾಗಿ ದನದ ಮೂಳೆ ಮಾಂಸದ ಸಾರಿನದು. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಹೊಟ್ಟೆಯ ರೆನೆಟ್‌ನಿಂದಲೇ ಹೆಪ್ಪು ಹಾಕಬೇಕೆಂಬುದು ಆ ಹೆಸರಿನ ನಿಯಮ, ಹಾಗಾಗಿ ಆ ಚೀಸ್ ಬೀಳುವ ಹಸಿರು ಪೆಸ್ತೊ ಸಾಸನ್ನೂ ವಿಚಾರಿಸಿಯೇ ತಿನ್ನಬೇಕು. ಮಿಠಾಯಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್, ಕೆಂಪು ಬಣ್ಣಕ್ಕೆ ಇ120, ಅಂದರೆ ಕೊಚಿನೀಲ್ ಹುಳುವಿನಿಂದ ತೆಗೆದದ್ದು.

ಕೇಳುವ ರೀತಿಯೇ ಎಲ್ಲಕ್ಕಿಂತ ಮುಖ್ಯ. “ಇದು ಸಸ್ಯಾಹಾರವೇ?” ಎಂದು ಕೇಳಿದರೆ ಹೌದು ಎಂಬ ಉತ್ತರ ಸುಲಭವಾಗಿ ಬರುತ್ತದೆ, ಆದರೆ ಅದರ ಅರ್ಥ ಊರಿಂದೂರಿಗೆ ಬೇರೆ. ಸ್ಪ್ಯಾನಿಷ್ ಮಾತಾಡುವ ಕಡೆ ‘ಕಾರ್ನೆ’, ಅಂದರೆ ಮಾಂಸ, ಬೇಡವೆಂದರೆ ದನದ ಮಾಂಸ ಮಾತ್ರ ಬಿಟ್ಟು ಕೋಳಿಯೋ ಹ್ಯಾಮ್ ಚೂರುಗಳೋ ಬರಬಹುದು. ‘ಮಾಂತೆಕಾ’ ಎಂಬ ಪದ ಮೆಕ್ಸಿಕೊದಲ್ಲಿ ಹಂದಿಯ ಕೊಬ್ಬು, ಅರ್ಜೆಂಟೀನಾದಲ್ಲಿ ಬೆಣ್ಣೆ. ಆದ್ದರಿಂದ ವಸ್ತುವಿನ ಹೆಸರು ಹಿಡಿದೇ ಕೇಳಿ: ಸಾರು ಯಾವುದರದ್ದು? ಮೀನಿನ ಸಾಸ್ ಹಾಕಿದ್ದೀರಾ? ಯಾವ ಎಣ್ಣೆಯಲ್ಲಿ ಕರಿದಿದ್ದು, ಅದೇ ಎಣ್ಣೆಯಲ್ಲಿ ಬೇರೇನು ಕರಿಯುತ್ತೀರಿ? ಥಾಯ್ಲೆಂಡಿನಲ್ಲಿ “ಮೈ ಸೈ ನಾಮ್ ಪ್ಲಾ”, ಮೀನಿನ ಸಾಸ್ ಹಾಕಬೇಡಿ, ಎಂಬ ನಾಲ್ಕು ಪದ ಉದ್ದುದ್ದ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಆಯಾ ಸಮಾಜವೇ ಮಾಡಿಕೊಂಡಿರುವ ವ್ರತದ ಊಟವನ್ನು ಹುಡುಕುವುದು ಇನ್ನೂ ಒಳ್ಳೆಯ ದಾರಿ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪಗೆ, 17 ಎಂಬ ಅಂಕಿಯಂತೆ ಕಾಣುವ ಅಕ್ಷರವಿದ್ದರೆ ಅದು ‘ಜೇ’ ಅಂಗಡಿ. ಮಾಂಸ, ಮೀನು, ಮೊಟ್ಟೆ, ಹಾಲು ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ವಿಯೆಟ್ನಾಮಿನಲ್ಲಿ ‘ಚಾಯ್’, ಅಂದರೆ ಸಸ್ಯಾಹಾರ, ಎಂಬ ಫಲಕ ನೋಡಿ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಅನೇಕರು ಹಾಗೆ ಉಣ್ಣುವುದರಿಂದ ಅಂದು ಆಯ್ಕೆ ಹೆಚ್ಚು. ಇಥಿಯೋಪಿಯಾದಲ್ಲಿ ಬುಧವಾರ, ಶುಕ್ರವಾರ ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ದಿನಗಳು. ಅಂದು ‘ಯೆತ್ಸೋಮ್ ಬೆಯಾಯಿನೆತು’ ಎಂದರೆ ತೆಫ್ ಎಂಬ ಧಾನ್ಯದ ಹುಳಿ ಬಂದ ಹಿಟ್ಟಿನ, ದೋಸೆಯಂಥ ಇಂಜೆರಾ ಮೇಲೆ ಕಾಳು, ಸೊಪ್ಪು, ಬೀಟ್‌ರೂಟ್ ಬಗೆಬಗೆಯಾಗಿ ಬಡಿಸಿ ತರುತ್ತಾರೆ, ಬೆಣ್ಣೆಯೂ ಇರುವುದಿಲ್ಲ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗುವುದು ಅಪರೂಪ: ಕೈಯಲ್ಲೇ ಹರಿದು ತಿನ್ನಬಹುದು, ಬೇಡವಾದ ಗುಡ್ಡೆ ಬಿಟ್ಟು ಬೇಕಾದ ಗುಡ್ಡೆಗೆ ಕೈ ಹಾಕಬಹುದು. ಗ್ಲುಟೆನ್ ಆಗದ ಮಗುವಿದ್ದರೆ ಮಾತ್ರ ಇಂಜೆರಾ ಪೂರ್ತಿ ತೆಫ್‌ನದೇ ಎಂದು ಕೇಳಿ. ಇಥಿಯೋಪಿಯಾದ ಹೊರಗೆ ಗೋಧಿ ಅಥವಾ ಬಾರ್ಲಿ ಬೆರೆಸುವುದು ಸಾಮಾನ್ಯ.

ಅಲರ್ಜಿ ಇರುವ ಮಕ್ಕಳ ವಿಷಯದಲ್ಲಿ ದೇಶದ ಕಾನೂನು ಗೊತ್ತಿರಲೇಬೇಕು. ಐರೋಪ್ಯ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ 14 ಅಲರ್ಜಿಕಾರಕಗಳ ಮಾಹಿತಿಯನ್ನು ಹೋಟೆಲಿನವರೂ ಕೊಡಬೇಕು, ಕೇಳುವುದು ನಿಮ್ಮ ಹಕ್ಕು. ಅಮೆರಿಕದ ಫೆಡರಲ್ ಕಾನೂನಿನ ಪಟ್ಟಿಯಲ್ಲಿ 9 ಇವೆ, ಎಳ್ಳು 2023ರಲ್ಲಿ ಸೇರಿತು. ಆದರೆ ಅದು ಪೊಟ್ಟಣ ಕಟ್ಟಿದ ಆಹಾರದ ಲೇಬಲ್‌ಗೆ, ತಟ್ಟೆಯಲ್ಲಿ ಬರುವ ಊಟಕ್ಕಲ್ಲ. ಜಪಾನಿನಲ್ಲೂ ಕಡ್ಡಾಯ ಲೇಬಲ್ ಪೊಟ್ಟಣಗಳಿಗೇ. ಅಲ್ಲಿನ ಪಟ್ಟಿಯಲ್ಲಿ ಸೋಬಾ, ಅಂದರೆ ಬಕ್‌ವ್ಹೀಟ್ ಕೂಡ ಇದೆ, ಕೆಲವರಿಗೆ ಅದರ ಅಲರ್ಜಿ ತೀವ್ರವಾಗಿ ಬರುತ್ತದೆ. ಉದೊನ್ ಬೇಯಿಸುವ ನೀರಲ್ಲೇ ಸೋಬಾ ಬೇಯಿಸುವ ಅಂಗಡಿಗಳಿವೆ. ಸ್ಥಳೀಯ ಭಾಷೆಯಲ್ಲಿ ಒಂದು ಚೀಟಿ ಬರೆಸಿ, ಮಗುವಿಗೆ ಆಗದ ವಸ್ತು, ಅದರಿಂದ ಬರುವ ಇತರ ಪದಾರ್ಥಗಳ ಹೆಸರು, ಒಂದು ಚೂರು ಹೋದರೂ ಅಪಾಯ ಎಂಬ ಮಾತು, ಮೂರೂ ಅದರಲ್ಲಿರಲಿ. ಫೋನಿನ ಅನುವಾದ ಆ್ಯಪ್‌ನಲ್ಲಿ ಮಾಡಿಸಿದ್ದಾದರೆ ಆ ಭಾಷೆ ಬಲ್ಲವರಿಗೆ ಒಮ್ಮೆ ತೋರಿಸಿ. ತೀವ್ರ ಅಲರ್ಜಿಯಾದಾಗ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಎರಡು ಇರಲಿ, ಎರಡೂ ಮಗುವಿನ ಜೊತೆಯಲ್ಲೇ ಇರಲಿ. ರೂಮಿನಲ್ಲಿಟ್ಟ ಔಷಧಿ ಊಟದ ಮೇಜಿನ ಬಳಿ ಉಪಯೋಗಕ್ಕೆ ಬರುವುದಿಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ಸಿಚುವಾನ್ ಮೆಣಸು ತಿಂದರೆ ತುಟಿ, ನಾಲಿಗೆ ಜೋಮು ಹಿಡಿದಂತಾಗುತ್ತದೆ, ಅದು ಆ ಕಾಳಿನ ಗುಣ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಹೊಸ ಅನಾನಸಿನ ಚುರುಚುರು ಅದರ ಬ್ರೊಮೆಲಿನ್ ಕಿಣ್ವದ್ದು. ಆದರೆ ಮೈಮೇಲೆ ದದ್ದು, ತುಟಿ ಅಥವಾ ಕಣ್ಣಿನ ರೆಪ್ಪೆ ಊತ, ಕೆಮ್ಮು, ದನಿ ಬದಲಾಗುವುದು, ಇದ್ದಕ್ಕಿದ್ದಂತೆ ವಾಂತಿ, ಮಗು ಮಂಕಾಗುವುದು ಕಂಡರೆ ಖಾರವೋ ಅಲರ್ಜಿಯೋ ಎಂದು ಚರ್ಚಿಸುತ್ತ ಕೂರಬೇಡಿ. ಇಂಥವು ಬಹುಪಾಲು ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಬರುತ್ತವೆ. ಹೊಸ ಪದಾರ್ಥವನ್ನು ಮಧ್ಯಾಹ್ನಕ್ಕೇ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ. ರಾತ್ರಿ ತಿನ್ನಿಸಿ ಮಲಗಿಸಿದರೆ ಗಮನಿಸುವವರು ಯಾರು? ಒಂದು ಹೊತ್ತಿಗೆ ಒಂದೇ ಹೊಸ ವಸ್ತು ಕೊಟ್ಟರೆ ಯಾವುದರಿಂದ ಆಯಿತೆಂದು ವೈದ್ಯರಿಗೆ ಹೇಳಲೂ ಬರುತ್ತದೆ.

ಹೊಟ್ಟೆ ಕೆಡುವುದಕ್ಕೆ ಖಾರವನ್ನೂ ಮಸಾಲೆಯನ್ನೂ ದೂರುವವರೇ ಹೆಚ್ಚು. ಪ್ರವಾಸಿಗರ ಭೇದಿಗೆ ಸಾಮಾನ್ಯ ಕಾರಣ ಬ್ಯಾಕ್ಟೀರಿಯಾ, ಅವಕ್ಕೆ ಬೇಕಾದದ್ದು ಸಮಯ ಮತ್ತು ಉಗುರು ಬೆಚ್ಚಗಿನ ಶಾಖ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಬೇಗ ಹೆಚ್ಚುತ್ತವೆ. ಆ ಶಾಖದಲ್ಲಿ ಅಡುಗೆ 2 ಗಂಟೆಗಿಂತ ಹೆಚ್ಚು ಇರಬಾರದು, ಹೊರಗೆ 32 ಡಿಗ್ರಿ ಮೀರಿದ್ದರೆ 1 ಗಂಟೆ. ಹಾಗಾಗಿ ಕಣ್ಣೆದುರು ಬಾಣಲೆಯಿಂದ ತೆಗೆದ ಬೀದಿ ತಿಂಡಿ, ದೊಡ್ಡ ಹೋಟೆಲಿನ ಬಫೆಯಲ್ಲಿ ಹಬೆ ಆರಿ ಮೇಲೆ ಕೆನೆಗಟ್ಟಿದ ಪಲ್ಯಕ್ಕಿಂತ ಎಷ್ಟೋ ವಾಸಿ.

ಬೀದಿ ಗಾಡಿಯ ಮುಂದೆ ಐದು ನಿಮಿಷ ಸುಮ್ಮನೆ ನಿಂತು ನೋಡಿ. ಹಸಿ ಮಾಂಸ ಮುಟ್ಟಿದ ಇಕ್ಕಳದಲ್ಲೇ ಬೆಂದದ್ದನ್ನು ಎತ್ತುತ್ತಿದ್ದಾರಾ? ದುಡ್ಡು ಮುಟ್ಟಿದ ಕೈಯೇ ತಟ್ಟೆಗೆ ಹೋಗುತ್ತಿದೆಯಾ? ಕರಿದಿಟ್ಟ ರಾಶಿ ಕರಗುತ್ತಿದೆಯಾ, ಹಾಗೇ ಕೂತಿದೆಯಾ? ಸ್ಥಳೀಯರು ಮಕ್ಕಳೊಂದಿಗೆ ಬಂದು ತಿನ್ನುವ ಗಾಡಿ, ಅವರು ತಿನ್ನುವ ಹೊತ್ತಿನಲ್ಲೇ, ಒಳ್ಳೆಯ ಆಯ್ಕೆ. ಬಿಸಿ ತಿಂಡಿಯ ಪಕ್ಕ ಇಡುವ ಹಸಿ ಸೊಪ್ಪು, ಮೊದಲೇ ಕತ್ತರಿಸಿಟ್ಟ ಹಣ್ಣು, ಐಸ್, ಬಾಯಿ ತೆರೆದಿಟ್ಟ ಚಟ್ನಿ, ಇವುಗಳ ವಿಷಯದಲ್ಲಿ ಜಾಗ್ರತೆ. ನಲ್ಲಿ ನೀರು ಕುಡಿಯಬಾರದ ಊರಲ್ಲಿ ಐಸ್ ಅಂದರೂ ನೀರೇ. ಅನ್ನದ ಬಗ್ಗೆ ಬೇರೆಯೇ ಎಚ್ಚರ ಬೇಕು. ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ, ಅನ್ನ ಹೊರಗೆ ಉಳಿದರೆ ಅದು ಮಾಡುವ ವಿಷ ಆಮೇಲೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಗಿನ ಅನ್ನವನ್ನು ಹೊರಗೇ ಇಟ್ಟು ರಾತ್ರಿ ಫ್ರೈಡ್ ರೈಸ್ ಮಾಡಿದರೆ ಹೊಗೆಯಾಡುತ್ತಿದ್ದರೂ ಅಪಾಯವೇ. ಜೊತೆಗೆ ಬಂದ ಅಜ್ಜ ಅಜ್ಜಿ ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರು ಇನ್ನೂ ಎಚ್ಚರವಾಗಿರಬೇಕು, ಜಠರದ ಆಮ್ಲವೇ ದೇಹದ ಮೊದಲ ಕಾವಲು.

1 ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಯಾವ ದೇಶದಲ್ಲೂ ಬೇಡ. ಹಸಿ ಹಾಲಿನ ಚೀಸ್ ಗರ್ಭಿಣಿಯರಿಗೂ ಪುಟ್ಟ ಮಕ್ಕಳಿಗೂ ಬೇಡ. 5 ವರ್ಷದೊಳಗಿನವರಿಗೆ ಇಡೀ ಬೀಜಗಳು, ಜಪಾನಿನ ಅಂಟಂಟಾದ ಅಕ್ಕಿ ಮುದ್ದೆ ಮೋಚಿ, ಕೊನ್ಯಾಕು ಗೆಡ್ಡೆಯ ಜೆಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಪದಾರ್ಥಗಳು.

ಇನ್ನು ಬಾಯಿಯೇ ತೆರೆಯದ ಮಗು. 2ರಿಂದ 6 ವರ್ಷದ ಮಕ್ಕಳು ಹೊಸ ರುಚಿಗೆ ಹೆದರುವುದು ಬೆಳವಣಿಗೆಯ ಒಂದು ಹಂತ, ಹಟವೂ ಅಲ್ಲ, ಸಾಕುವುದರಲ್ಲಿ ಆದ ತಪ್ಪೂ ಅಲ್ಲ. ಒಂದು ರುಚಿ ಒಗ್ಗಲು 8ರಿಂದ 15 ಸಲವಾದರೂ ಎದುರಾಗಬೇಕಾಗಬಹುದು. 10 ದಿನದ ಪ್ರವಾಸದಲ್ಲಿ ಅಷ್ಟು ಸಲ ಆಗುವುದಿಲ್ಲವಲ್ಲ, ಅದಕ್ಕೇ ಹೊರಡುವ 4–6 ವಾರ ಮುಂಚೆ ಮನೆಯಲ್ಲೇ ಶುರುಮಾಡಿ. ಹೋಗುವ ದೇಶದ ಎರಡೇ ಎರಡು ರುಚಿ ಆರಿಸಿ, ವಾರಕ್ಕೆ ಎರಡು ಸಲ ಅಕ್ಕಿಕಾಳಿನಷ್ಟು, ಆಮೇಲೆ ಅರ್ಧ ಚಮಚ. ಮೇಜಿನ ಮೇಲೆ ಗೊತ್ತಿರುವ ಒಂದು ವಸ್ತು ಯಾವಾಗಲೂ ಇರಲಿ: ಬಿಳಿ ಅನ್ನ, ಬ್ರೆಡ್, ಬೇಯಿಸಿದ ಆಲೂಗಡ್ಡೆ. ಮೂಸಿ ನೋಡಿದರೂ ಸಾಕು, ನಾಲಿಗೆಗೆ ತಾಗಿಸಿ ಟಿಶ್ಯೂಗೆ ಉಗುಳಿದರೂ ಸರಿ. ಉಗುಳಲು ಬಿಟ್ಟ ಮಗು ಮುಂದಿನ ಸಲ ಬಾಯಿಗೆ ಹಾಕಿಕೊಳ್ಳುತ್ತದೆ. “ಇದು ತಿಂದರೆ ಐಸ್‌ಕ್ರೀಂ” ಎಂದ ಕೂಡಲೇ ಐಸ್‌ಕ್ರೀಂ ಬಹುಮಾನ, ಊಟ ಶಿಕ್ಷೆ ಎಂದು ಮಗುವಿಗೆ ಅರ್ಥವಾಗುತ್ತದೆ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂಬುದು ದೊಡ್ಡವರ ಕೈಲಿರಲಿ, ಎಷ್ಟು ತಿನ್ನಬೇಕೆಂಬುದನ್ನು ಮಗುವಿಗೇ ಬಿಡಿ. ವಿಮಾನ ಇಳಿದ ಮೊದಲ ಎರಡು ದಿನ ನಿದ್ದೆ ಹಳಿಗೆ ಬರುವವರೆಗೆ ಪ್ರಯೋಗವೇ ಬೇಡ. ಖಾರ ಹತ್ತಿದರೆ ನೀರು ಕುಡಿಸಬೇಡಿ, ಹಾಲು ಅಥವಾ ಮೊಸರು ಕೊಡಿ, ಅದರಲ್ಲಿರುವ ಕ್ಯಾಸಿನ್ ಎಂಬ ಪ್ರೋಟೀನ್ ಖಾರದ ಅಂಶವನ್ನು ಹಿಡಿದು ತೊಳೆಯುತ್ತದೆ.

ಬೇಕಾದೀತೆಂದು ಚೀಲದಲ್ಲಿ ಒಯ್ಯುವ ತಿಂಡಿಗೂ ಕಾನೂನಿದೆ. ಒಕ್ಕೂಟದ ಹೊರಗಿನಿಂದ ಯುರೋಪಿಗೆ ಬರುವಾಗ ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ, ಹಸುಗೂಸಿನ ಹಾಲಿನ ಪುಡಿಗೆ ತಲೆಗೆ 2 ಕಿಲೋವರೆಗೆ ವಿನಾಯಿತಿ ಇದೆ. ನ್ಯೂಜಿಲೆಂಡಿನಲ್ಲಿ ಚೀಲದ ಮೂಲೆಯಲ್ಲಿ ಮರೆತ ಒಂದು ಸೇಬನ್ನು ಘೋಷಿಸದಿದ್ದರೂ ಸ್ಥಳದಲ್ಲೇ 400 ಡಾಲರ್ ದಂಡ. ಘೋಷಿಸಿದರೆ ಹೆಚ್ಚೆಂದರೆ ತೆಗೆದುಕೊಳ್ಳುತ್ತಾರೆ, ದಂಡವಿಲ್ಲ.

ಎಲ್ಲ ಜಾಗ್ರತೆಯ ನಂತರವೂ ಭೇದಿ ಬಂದರೆ ಓಆರ್‌ಎಸ್ ಪೊಟ್ಟಣ ಕೈಗೆಟುಕಬೇಕು, ಪ್ರತಿಯೊಬ್ಬರಿಗೂ ನಾಲ್ಕಾರು ಇಟ್ಟುಕೊಳ್ಳಿ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರು ಹಾಕಿ, ಅರ್ಧ ಪೊಟ್ಟಣಕ್ಕೆ ಅಂದಾಜಿನ ನೀರು ಬೇಡ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸ ಅಳತೆಯ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಗುಡ್ಡೆ ಚಮಚ ಹಾಕಬೇಡಿ. 2 ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50–100 ಮಿಲಿ, 2ರಿಂದ 10 ವರ್ಷದವರಿಗೆ 100–200 ಮಿಲಿ. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ವೈದ್ಯರು ಹೇಳದೆ ಮಕ್ಕಳಿಗೆ ಕೊಡಬಾರದು. ಮಲದಲ್ಲಿ ರಕ್ತ, ಜೋರು ಜ್ವರ, ಗುಳಿಬಿದ್ದ ಕಣ್ಣು, 6–8 ಗಂಟೆ ಮೂತ್ರವೇ ಆಗದಿರುವುದು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಎಲ್ಲಿ, ಏನು, ಯಾವ ಹೊತ್ತಿಗೆ ತಿಂದದ್ದು ಎಂದು ಫೋನಿನಲ್ಲಿ ಫೋಟೊ ಸಮೇತ ಬರೆದಿಟ್ಟಿದ್ದರೆ ಭಾಷೆ ಬಾರದ ಕಡೆ ವೈದ್ಯರಿಗೆ ಅದನ್ನೇ ತೋರಿಸಬಹುದು.